ಕಾಯುವ ಕತ್ತಿ

ಹೊಡೆದಾಟದ ಆಟಕ್ಕೆ ಕಥೆ ಯಾಕೆ ಎಂದು ಕೇಳುವವರು ಬಹಳ ಮಂದಿ. ಎದುರಾಳಿ ಎಷ್ಟು ದೂರದಲ್ಲಿದ್ದಾನೆ, ಯಾವ ಗಳಿಗೆಯಲ್ಲಿ ಏಟು ಹಾಕಬೇಕು, ಇಷ್ಟು ಗೊತ್ತಿದ್ದರೆ ಸಾಕು, ಉಳಿದದ್ದೆಲ್ಲ ಬಣ್ಣ ಎಂಬುದು ಅವರ ವಾದ. ಇದನ್ನು ನಂಬಿದವರು 1997ರಲ್ಲಿ ಜಪಾನಿನ ಎಸ್‌ಎನ್‌ಕೆ ಕಂಪನಿ ತಂದ ‘ಶಿನ್‌ಸೆತ್ಸು ಸಮುರಾಯ್ ಸ್ಪಿರಿಟ್ಸ್: ಬುಶಿದೋ ರೆತ್ಸುದೆನ್’ ಆಟವನ್ನು ಒಂದೇ ಉಸಿರಿನಲ್ಲಿ ತಳ್ಳಿಹಾಕುತ್ತಾರೆ. ಹೆಸರಾಂತ ಫೈಟಿಂಗ್ ಗೇಮಿನ ಹೆಸರನ್ನು ಮಾರಿಕೊಳ್ಳಲು ಮಾಡಿದ ಆರ್‌ಪಿಜಿ, ಅಂದರೆ ಪಾತ್ರವೊಂದನ್ನು ವಹಿಸಿ ಕಥೆಯೊಳಗೆ ಸಾಗುವ ಆಟ ಅದು, ಕತ್ತಿವರಸೆಯ ಬಿರುಸನ್ನು ಸರದಿ ಕಾಯುವ ಆಟಕ್ಕೆ ಒಗ್ಗಿಸಲು ಹೋಗಿ ಕೊಂದಿದ್ದಾರೆ, ಜಪಾನಿನಾಚೆ ಬಿಡುಗಡೆಯಾಗದ್ದೇ ಅದರ ಯೋಗ್ಯತೆಗೆ ಸಾಕ್ಷಿ ಎನ್ನುತ್ತಾರೆ. ನಾನು ಇದರಲ್ಲಿ ಯಾವುದನ್ನೂ ಒಪ್ಪುವುದಿಲ್ಲ.

ಹೆಸರಿನಿಂದಲೇ ಶುರು ಮಾಡೋಣ, ಏಕೆಂದರೆ ತಪ್ಪು ತಿಳಿವಳಿಕೆ ಹುಟ್ಟಿದ್ದೇ ಅಲ್ಲಿ. ಇಂಗ್ಲಿಷಿನಲ್ಲಿ ಈ ಆಟವನ್ನು ‘ಸಮುರಾಯ್ ಶೋಡೌನ್ ಆರ್‌ಪಿಜಿ’ ಎಂದು ಕರೆಯುವುದು ರೂಢಿ. ಆ ಹೆಸರು ಕೇಳಿದವನಿಗೆ ಇದು ಒಂದು ಆಟದ ಇನ್ನೊಂದು ನಮೂನೆ ಎಂದಷ್ಟೇ ತಿಳಿಯುತ್ತದೆ. ಜಪಾನಿ ಹೆಸರು ಹೇಳುವುದು ಬೇರೆಯದನ್ನೇ. ‘ಶಿನ್‌ಸೆತ್ಸು’ ಎಂದರೆ ನಿಜವಾದ ವೃತ್ತಾಂತ. ‘ರೆತ್ಸುದೆನ್’ ಎಂದರೆ ಸಾಲು ಸಾಲಾದ ಜೀವನಚರಿತೆಗಳು. ಈ ಪ್ರಕಾರದ ಬೇರು ಚೀನಾದಲ್ಲಿದೆ. ಎರಡು ಸಾವಿರ ವರ್ಷಗಳ ಹಿಂದೆ ಸಿಮಾ ಚಿಯೆನ್ ಬರೆದ ‘ಶಿಜಿ’ ಎಂಬ ಇತಿಹಾಸಗ್ರಂಥದಲ್ಲಿ ಇಂಥ 70 ಅಧ್ಯಾಯಗಳಿವೆ. ಮಂತ್ರಿಗಳು, ದಂಡನಾಯಕರು, ಹಂತಕರು, ಊರೂರು ಅಲೆಯುವ ಸಾಹಸಿಗಳು, ಹೀಗೆ ಎಲ್ಲರ ಬಾಳೂ ಅಲ್ಲಿದೆ. ಒಂದೇ ಘಟನೆ ಒಬ್ಬನ ಚರಿತೆಯಲ್ಲಿ ಒಂದು ತೆರನಾಗಿ, ಇನ್ನೊಬ್ಬನ ಚರಿತೆಯಲ್ಲಿ ಇನ್ನೊಂದು ತೂಕದಲ್ಲಿ ಬರುತ್ತದೆ. ಆಟ ಮಾಡಿದವರು ಇದಕ್ಕೆ ಒಂದು ಅಕ್ಷರದ ಚಮತ್ಕಾರವನ್ನೂ ಸೇರಿಸಿದ್ದಾರೆ. ‘ರೆತ್ಸು’ವಿಗೆ ‘ಸಾಲು’ ಎಂಬರ್ಥದ ಲಿಪಿಚಿಹ್ನೆಯ ಬದಲು, ಉಚ್ಚಾರ ಅದೇ ಇರುವ, ‘ಉಗ್ರ’ ಎಂಬರ್ಥದ ಚಿಹ್ನೆಯನ್ನು ಇಟ್ಟಿದ್ದಾರೆ. ಉಗ್ರ ವೀರರ ಚರಿತಾವಳಿ ಎಂದು ಓದಿಕೊಳ್ಳಬೇಕು.

ಹೆಸರು ಹೀಗೆ ತಿಳಿದರೆ ಆಟದ ರಚನೆಯೂ ತಿಳಿಯುತ್ತದೆ. ಹಾವೊಮಾರು, ನಾಕೊರುರು, ಗಾಲ್ಫೋರ್ಡ್, ತಾಚಿಬಾನಾ ಉಕ್ಯೊ, ಕಿಬಾಗಾಮಿ ಗೆಂಜೂರೊ, ಚಾಮ್ ಚಾಮ್, ಈ ಆರು ಮಂದಿಯಲ್ಲಿ ಒಬ್ಬರನ್ನು ಆರಿಸಿಕೊಂಡು ಹೊರಡಬೇಕು. ಕಥೆಗೆ ಎರಡು ಕಾಂಡಗಳು. ಒಂದು 1993ರ ಮೊದಲ ‘ಸಮುರಾಯ್ ಸ್ಪಿರಿಟ್ಸ್’ನ ಖಳ ಅಮಾಕುಸಾನನ್ನು ಎದುರಿಸುವುದು, ಇನ್ನೊಂದು 1994ರ ಎರಡನೆಯ ಆಟದ ಮಿಜುಕಿಯನ್ನು ಎದುರಿಸುವುದು. ಯಾರನ್ನು ಆರಿಸಿಕೊಂಡರೂ ಕಥೆಯ ಬೆನ್ನೆಲುಬು ಬದಲಾಗುವುದಿಲ್ಲ, ಹಾಗಾಗಿ ಆರು ಸಲ ಆಡಿದರೂ ಹೇಳಿದ್ದನ್ನೇ ಹೇಳುತ್ತದೆ ಎಂಬ ದೂರು ಇದೆ. ಚರಿತಾವಳಿಯ ಲಕ್ಷಣವೇ ಅದು. ಖಳ ಒಬ್ಬನೇ, ಅವನೆದುರು ನಿಲ್ಲುವವನು ಮಾತ್ರ ಬೇರೆ. ಹಾವೊಮಾರು ಮತ್ತು ಗೆಂಜೂರೊ ಒಬ್ಬನೇ ಗುರುವಿನ ಬಳಿ ಕತ್ತಿ ಕಲಿತವರು. ಗುರು ಹೊರಗೆ ಹಾಕಿದ ಗೆಂಜೂರೊಗೆ ಹಾವೊಮಾರುವನ್ನು ಕೊಲ್ಲುವುದೊಂದೇ ಗುರಿ. ಲೋಕಕ್ಕೆ ಬಂದ ಕೇಡನ್ನು ತಡೆಯುವ ದಾರಿಯಲ್ಲಿ ಹೀಗೆ ಹಗೆ ಹೊತ್ತವನೊಬ್ಬ ನಡೆಯುವುದಕ್ಕೂ, ಕತ್ತಿಯ ಸಾಧನೆಗಾಗಿಯೇ ಊರು ಬಿಟ್ಟವನೊಬ್ಬ ನಡೆಯುವುದಕ್ಕೂ ಎಷ್ಟು ಅಂತರವಿದೆ! ಫೈಟಿಂಗ್ ಗೇಮಿನಲ್ಲಿ ಈ ಅಂತರ ಕೊನೆಯ ನಾಲ್ಕು ಚಿತ್ರಗಳಲ್ಲಿ ಮಿಂಚಿ ಮಾಯವಾಗುತ್ತಿತ್ತು.

ಇನ್ನು ವೇಗದ ಮಾತು. ಬಿರುಸೇ ಈ ಸರಣಿಯ ಜೀವ ಎನ್ನುವವರು ಮೂಲ ಆಟವನ್ನು ಸರಿಯಾಗಿ ನೋಡಿಲ್ಲ ಎಂದೇ ನನ್ನ ಅನಿಸಿಕೆ. ‘ಸ್ಟ್ರೀಟ್ ಫೈಟರ್ 2’ ಬಂದ ಮೇಲೆ ಎಲ್ಲರೂ ಏಟಿಗೆ ಏಟು ಪೋಣಿಸುವ ಕಲೆಯ ಹಿಂದೆ ಬಿದ್ದಿದ್ದಾಗ, ‘ಸಮುರಾಯ್ ಸ್ಪಿರಿಟ್ಸ್’ ತದ್ವಿರುದ್ಧ ದಾರಿ ಹಿಡಿಯಿತು. ಇಲ್ಲಿ ಒಂದೇ ಒಂದು ಬಲವಾದ ಏಟಿಗೆ ಎದುರಾಳಿಯ ಪ್ರಾಣಬಲದ ದೊಡ್ಡ ಪಾಲು ಹೋಗುತ್ತದೆ. ಆ ಏಟು ಗುರಿ ತಪ್ಪಿದರೆ ಬೀಸಿದವನೇ ಮೈಯೊಡ್ಡಿ ನಿಲ್ಲಬೇಕು. ಅದಕ್ಕೇ ಬಲ್ಲ ಆಟಗಾರರಿಬ್ಬರು ಎದುರಾದಾಗ ಬಹುಹೊತ್ತು ಯಾರೂ ಬೀಸುವುದಿಲ್ಲ. ಹಿಂದೆ ಸರಿಯುತ್ತಾರೆ, ಪರದೆಯ ಚಿತ್ರ ದೂರ ಸರಿದು ಇಬ್ಬರೂ ಚಿಕ್ಕವರಾಗುತ್ತಾರೆ, ಮತ್ತೆ ಅರ್ಧ ಹೆಜ್ಜೆ ಮುಂದೆ ಬರುತ್ತಾರೆ. ಆ ಆಟದ ರಸವಿರುವುದು ಈ ಕಾಯುವಿಕೆಯಲ್ಲಿ. ಸರದಿಯ ಕಾಳಗ ಇದನ್ನು ಕೊಲ್ಲಲಿಲ್ಲ, ಎಲ್ಲರ ಕಣ್ಣಿಗೂ ಕಾಣುವಂತೆ ಹಿಗ್ಗಿಸಿ ತೋರಿಸಿತು. ಬೆರಳಿನ ಚುರುಕು ಇಲ್ಲದವನಿಗೂ ‘ಈಗ ಬೀಸಲೇ, ತಡೆಯಲೇ’ ಎಂಬ ತಳಮಳ ಇಲ್ಲಿ ಸಿಗುತ್ತದೆ.

ಕೈಗೆ ಹತ್ತಿದ ಅಭ್ಯಾಸವನ್ನೂ ಅವರು ಬಿಟ್ಟುಕೊಟ್ಟಿಲ್ಲ. ಹಾವೊಮಾರುವಿನ ಸುಂಟರಗಾಳಿಯ ವರಸೆಗೆ ಗುಂಡಿ ಒತ್ತುವ ಕ್ರಮ ಹಳೆಯ ಆಟಗಾರರಿಗೆ ಬಾಯಿಪಾಠ: ಕೆಳಗೆ, ಓರೆಗೆ, ಮುಂದಕ್ಕೆ, ಆಮೇಲೆ ಏಟು. ಈ ಆರ್‌ಪಿಜಿಯಲ್ಲೂ ವಿಶೇಷ ವರಸೆಗಳನ್ನು ಅದೇ ಬಗೆಯಲ್ಲಿ ಒತ್ತಿ ಹೊರಡಿಸಬಹುದು. ಇದನ್ನು ಬರೀ ಅಲಂಕಾರ ಎಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ವೀರನೊಬ್ಬನ ಚರಿತೆಯಲ್ಲಿ ಅವನ ಕೈಚಳಕ ಓದುವವನ ಬೆರಳಿಗೇ ಬರುವುದು ಯಾವ ಪುಸ್ತಕಕ್ಕೂ ದಕ್ಕದ ಸಂಗತಿ.

ಕುಂದುಗಳು ಇಲ್ಲವೇ? ಇವೆ, ದೊಡ್ಡದಾಗಿಯೇ ಇವೆ. ಆಟ ಬಂದ ನಿಯೋ ಜಿಯೋ ಸಿಡಿ ಯಂತ್ರದ ಡ್ರೈವ್ ಸೆಕೆಂಡಿಗೆ 150 ಕಿಲೋಬೈಟ್ ಓದುವಂಥದ್ದು, ಆ ಕಾಲಕ್ಕೂ ನಿಧಾನವೇ. ಕಾಳಗಕ್ಕೆ ಕಾಳಗಕ್ಕೆ ಡಿಸ್ಕ್ ತಿರುಗುವುದನ್ನು ನೋಡುತ್ತ ಕೂರುವುದು ಮೇಲೆ ನಾನು ಹೊಗಳಿದ ಕಾಯುವಿಕೆ ಅಲ್ಲ, ಬರೀ ಬೇಸರ. ಅದೇ ವರ್ಷ ಪ್ಲೇಸ್ಟೇಷನ್ ಮತ್ತು ಸೆಗಾ ಸ್ಯಾಟರ್ನ್‌ಗೂ ಆಟ ಬಂದಿತು, ಅವುಗಳ ಡ್ರೈವ್‌ಗೆ ಇಮ್ಮಡಿ ವೇಗ. ಆಟವನ್ನು ಅಳೆಯುವವರು ಯಂತ್ರದ ದೋಷವನ್ನು ಕಥೆಯ ತಲೆಗೆ ಕಟ್ಟಬಾರದು.

ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಕಾಲದ ಆಯ್ಕೆ. ಸರಣಿಯ ಮೊದಲ ಕಥೆ ನಡೆಯುವುದು ತೆನ್‌ಮೇಯ್ 8ರಲ್ಲಿ, ಅಂದರೆ 1788ರಲ್ಲಿ. ಅದಕ್ಕೆ ಐದು ವರ್ಷ ಹಿಂದೆ ಅಸಾಮಾ ಜ್ವಾಲಾಮುಖಿ ಸಿಡಿದಿತ್ತು. 1782ರಿಂದ ಶುರುವಾದ ಬರಗಾಲ ಉತ್ತರದ ಸೀಮೆಗಳಲ್ಲಿ ಊರುಗಳನ್ನೇ ಬರಿದು ಮಾಡಿತ್ತು. ಅಮಾಕುಸಾ ಶಿರೊ ಕೂಡ ಕಟ್ಟುಕಥೆಯವನಲ್ಲ. 1637ರಲ್ಲಿ ತೆರಿಗೆಯ ಹೊರೆ ಮತ್ತು ಕ್ರೈಸ್ತರ ಮೇಲಿನ ದಬ್ಬಾಳಿಕೆಯ ವಿರುದ್ಧ ಶಿಮಾಬಾರಾದಲ್ಲಿ ಎದ್ದ ದಂಗೆಯ ಮುಂದಾಳು ಅವನು, ಮೀಸೆ ಮೂಡದ ಹುಡುಗ, ಮರುವರ್ಷ ಹಾರಾ ಕೋಟೆ ಬಿದ್ದಾಗ ಸತ್ತ. ಅವನ ಆತ್ಮ ನೂರೈವತ್ತು ವರ್ಷಗಳ ನಂತರ, ಜನ ಹಸಿದಿರುವ ಹೊತ್ತಿನಲ್ಲಿ ಸೇಡಿಗಾಗಿ ಎದ್ದು ಬರುವುದು ಸುಮ್ಮನೆ ಹೊಳೆದ ಕಲ್ಪನೆಯಲ್ಲ. ಐನು ಜನಾಂಗದ ಹುಡುಗಿ ನಾಕೊರುರುವನ್ನು ನೋಡಿ: ಅವಳ ಕಥೆಯ ಮರುವರ್ಷವೇ, 1789ರಲ್ಲಿ, ಕುನಾಶಿರಿ ಮತ್ತು ಮೆನಾಶಿಯ ಐನುಗಳು ಜಪಾನಿ ವ್ಯಾಪಾರಿಗಳ ಶೋಷಣೆಗೆ ಸಿಡಿದೆದ್ದರು. ಹೊಡೆದಾಟದ ಆಟದಲ್ಲಿ ಈ ನೆಲವೆಲ್ಲ ಹಿಂದಿನ ಪರದೆ, ಒಂದು ಸುತ್ತು ಮುಗಿದರೆ ಅದೂ ಮುಗಿಯಿತು. ಇಲ್ಲಿ ಅದೇ ನೆಲದ ಮೇಲೆ ಊರಿಂದೂರಿಗೆ ಕಾಲ್ನಡಿಗೆಯಲ್ಲಿ ಹೋಗಬೇಕು, ಜನರನ್ನು ಮಾತಾಡಿಸಬೇಕು. ಕ್ಷಯದಿಂದ ನರಳುವ ಉಕ್ಯೊ ಫೈಟಿಂಗ್ ಗೇಮಿನಲ್ಲಿ ಗೆದ್ದ ಮೇಲೆ ಒಮ್ಮೆ ಕೆಮ್ಮುತ್ತಾನೆ, ಅಷ್ಟೇ. ಅವನೊಂದಿಗೆ ದಾರಿಯುದ್ದಕ್ಕೂ ನಡೆದವರಿಗೆ ಆ ಕೆಮ್ಮು ಬೇರೆ ರೀತಿಯಲ್ಲಿ ಕೇಳಿಸುತ್ತದೆ.

ಜಪಾನಿನಾಚೆ ಬರಲಿಲ್ಲ ಎಂಬ ಸಾಕ್ಷಿಗೆ ಹೆಚ್ಚು ಮಾತು ಬೇಕಿಲ್ಲ. ಸ್ಕ್ವೇರ್ ಕಂಪನಿಯ ‘ಲೈವ್ ಎ ಲೈವ್’ ಜಪಾನಿನಲ್ಲಿ ಬಂದದ್ದು 1994ರಲ್ಲಿ, ಹೊರಗಿನವರ ಕೈಗೆ ಅಧಿಕೃತವಾಗಿ ಸಿಕ್ಕಿದ್ದು 2022ರಲ್ಲಿ. 1995ರ ‘ಸೆಯ್ಕೆನ್ ದೆನ್‌ಸೆತ್ಸು 3’ ಕಾದದ್ದು 2019ರವರೆಗೆ. ಎರಡನ್ನೂ ಇಂದು ಯಾರೂ ಕಳಪೆ ಎನ್ನುವುದಿಲ್ಲ. ಮಾತು ತುಂಬಿದ ಆಟವನ್ನು ಅನುವಾದಿಸುವುದು ಖರ್ಚಿನ ಕೆಲಸ. ಎಸ್‌ಎನ್‌ಕೆಯ ಹಣಕಾಸು ಮುಂದೆ ಎಷ್ಟು ಕೆಟ್ಟಿತೆಂದರೆ 2001ರಲ್ಲಿ ಕಂಪನಿ ದಿವಾಳಿಯೆದ್ದಿತು. ಒಂದು ಕೃತಿ ಗಡಿ ದಾಟದಿರುವುದಕ್ಕೆ ನೂರು ಕಾರಣವಿರುತ್ತವೆ, ಕೃತಿಯ ಗುಣ ಅವುಗಳಲ್ಲಿ ಒಂದು ಮಾತ್ರ.

ಜಪಾನಿ ಬಲ್ಲ ಓದುಗರಲ್ಲಿ ನನ್ನದೊಂದು ಕೋರಿಕೆ. ಈ ಆಟ ಕೈಗೆ ಸಿಕ್ಕರೆ ಎಲ್ಲರಂತೆ ಹಾವೊಮಾರುವಿನಿಂದ ಶುರು ಮಾಡಬೇಡಿ. ಮೊದಲು ಗೆಂಜೂರೊನ ಹಗೆ ಹೊತ್ತು ಅಮಾಕುಸಾನವರೆಗೆ ನಡೆದು ಬನ್ನಿ, ಆಮೇಲೆ ಹಾವೊಮಾರುವಿನ ದಾರಿ ಹಿಡಿಯಿರಿ.