ಸಿಸಿಫಸನ ಬಂಡೆಯೂ ನಿಷ್ಕಾಮಕರ್ಮವೂ

‘ಅಸಂಗತ’ವೆಂಬ ಮಾತು ನಾಟಕಗಳ ಚರ್ಚೆಯ ಮೂಲಕ ಕನ್ನಡದಲ್ಲಿ ರೂಢಿಗೆ ಬಂದು, ಈಗ ಬಹಳ ಅಗ್ಗವಾಗಿರುವುದು. ತಲೆಬುಡವಿಲ್ಲದ ಸಂಭಾಷಣೆಗೂ, ಬರೆದವನಿಗೇ ಅರ್ಥವಾಗದ ಕವಿತೆಗೂ ಇದೊಂದೇ ಹೆಸರು ಸಾಕೆಂಬಂತಾಗಿದೆ. ಆದರೆ ಈ ಪದದ ಹಿಂದಿರುವ ವಿಚಾರವು ಹಗುರವಾದುದಲ್ಲ. ಲ್ಯಾಟಿನ್ ಭಾಷೆಯ ಮೂಲಪದಕ್ಕೆ ‘ಅಪಸ್ವರವುಳ್ಳದ್ದು’ ಎಂದರ್ಥ. ಸ್ವರವೊಂದೇ ಇದ್ದರೆ ದೋಷವಿಲ್ಲ, ಶ್ರುತಿಯೊಂದೇ ಇದ್ದರೂ ದೋಷವಿಲ್ಲ. ಎರಡೂ ಕೂಡಿ ಹೊಂದದೆ ಹೋದಾಗ ಕಿವಿಗೆ ನೋವಾಗುತ್ತದೆ. ಭಾರತೀಯ ಶಾಸ್ತ್ರಕಾರರು ಅಧಿಕರಣದ ಅಂಗಗಳಲ್ಲಿ ‘ಸಂಗತಿ’ಯನ್ನೂ ಎಣಿಸಿರುವರು. ಹಿಂದಿನ ವಿಚಾರಕ್ಕೂ ಮುಂದಿನ ವಿಚಾರಕ್ಕೂ ಇರತಕ್ಕ ಹೊಂದಿಕೆಯೇ ಅದು. ಆ ಹೊಂದಿಕೆ ತಪ್ಪಿದುದೇ ಅಸಂಗತ. ಹೀಗೆ ನೋಡಿದರೆ ಕನ್ನಡದ ಪದವು ಮೂಲದ ಅರ್ಥಕ್ಕೆ ಬಹು ಸಮೀಪವಾಗಿಯೇ ಇದೆ.

ಈ ವಿಚಾರವನ್ನು ಸಾಂಗವಾಗಿ ನಿರೂಪಿಸಿದವರಲ್ಲಿ ಆಲ್ಬೆರ್ ಕಮೂ ಮುಖ್ಯನು. 1913ರಲ್ಲಿ, ಫ್ರೆಂಚರ ಆಳ್ವಿಕೆಗೊಳಪಟ್ಟಿದ್ದ ಆಲ್ಜೀರಿಯಾದಲ್ಲಿ ಇವನ ಜನನವಾಯಿತು. ಮಗುವಿಗೆ ವರ್ಷ ತುಂಬುವುದರೊಳಗೆ ತಂದೆಯು ಮಾರ್ನ್ ಯುದ್ಧದ ಗಾಯಗಳಿಂದ ಮಡಿದನು. ತಾಯಿಗೆ ಓದುಬರಹವಿಲ್ಲ, ಕಿವಿಯೂ ಮಂದ. ಪರರ ಮನೆಗಳ ಕಸಮುಸುರೆ ಮಾಡಿ ಮಕ್ಕಳನ್ನು ಸಾಕಿದಳು. ಪ್ರಾಥಮಿಕ ಶಾಲೆಯ ಉಪಾಧ್ಯಾಯನಾದ ಲೂಯಿ ಜೆರ್ಮೆಂ ಎಂಬವನು ಹುಡುಗನ ಬುದ್ಧಿಯನ್ನು ಗುರುತಿಸಿ ವಿದ್ಯಾರ್ಥಿವೇತನದ ಪರೀಕ್ಷೆಗೆ ಅಣಿಮಾಡಿದುದರಿಂದ ಮುಂದಿನ ವಿದ್ಯೆ ಸಾಧ್ಯವಾಯಿತು. 1957ರಲ್ಲಿ ನೊಬೆಲ್ ಪಾರಿತೋಷಕ ದೊರೆತಾಗ, ಆ ಸಂದರ್ಭದ ಭಾಷಣಗಳ ಪುಸ್ತಕವನ್ನು ಕಮೂ ಅರ್ಪಿಸಿದ್ದು ಆ ಉಪಾಧ್ಯಾಯನಿಗೇ. ಹದಿನೇಳನೆಯ ವಯಸ್ಸಿನಲ್ಲಿ ಕ್ಷಯರೋಗವು ತಗುಲಿತು. 1960ರ ಜನವರಿ 4ರಂದು ಮೋಟಾರು ಅಪಘಾತದಲ್ಲಿ ಆಯುಸ್ಸು ಮುಗಿಯಿತು. ಇಂತಹವನು ಜೀವನದ ಅರ್ಥವನ್ನು ಕೇಳಿದ್ದು ಸುಖಿಯ ಬೇಸರದಿಂದಲ್ಲವೆಂಬುದನ್ನು ವಾಚಕರು ಮೊದಲೇ ಗಮನಿಸತಕ್ಕದ್ದು.

‘ಸಿಸಿಫಸನ ಪುರಾಣ’ವೆಂಬ ಗ್ರಂಥವು 1942ರಲ್ಲಿ, ಪ್ಯಾರಿಸ್ ನಗರವು ಜರ್ಮನರ ವಶದಲ್ಲಿದ್ದ ಕಾಲದಲ್ಲಿ ಹೊರಬಿದ್ದಿತು. ಕಾಫ್ಕಾ ಯೆಹೂದ್ಯನೆಂಬ ಕಾರಣದಿಂದ ಅವನನ್ನು ಕುರಿತ ಅಧ್ಯಾಯವನ್ನು ಆ ಮುದ್ರಣದಿಂದ ಕೈಬಿಡಬೇಕಾಯಿತು. ಯುದ್ಧಾನಂತರ ಅದು ಅನುಬಂಧವಾಗಿ ಸೇರಿತು. ಗ್ರಂಥದ ವಾದವು ಸರಳವಾಗಿದೆ. ಮನುಷ್ಯನು ಕಾರಣವನ್ನು ಕೇಳದೆ ಇರಲಾರನು. ಜಗತ್ತು ಅದನ್ನು ಹೇಳದು. ಅಸಂಗತತೆಯು ಮನುಷ್ಯನಲ್ಲಿಯೂ ಇಲ್ಲ, ಜಗತ್ತಿನಲ್ಲಿಯೂ ಇಲ್ಲ. ಈ ಪ್ರಶ್ನೆಯೂ ಆ ಮೌನವೂ ಸಂಧಿಸುವೆಡೆಯಲ್ಲಿದೆ. ಪ್ರಾಣತ್ಯಾಗವು ಪ್ರಶ್ನಿಸುವವನನ್ನೇ ಅಳಿಸುತ್ತದೆ. ವಿಚಾರವನ್ನು ಬಿಟ್ಟು ಶ್ರದ್ಧೆಗೆ ಹಾರುವುದು ಮೌನವನ್ನು ಮರೆಸುತ್ತದೆ. ಇವೆರಡೂ ಪಲಾಯನವೆಂದು ಕಮೂ ನಿರಾಕರಿಸುವನು. ಉಳಿದುದು ಎರಡನ್ನೂ ಬಿಡದೆ ಹಿಡಿದು ಬಾಳುವ ಮಾರ್ಗ. ದೃಷ್ಟಾಂತವಾಗಿ ಬರುವವನೇ ಗ್ರೀಕ್ ಪುರಾಣದ ಸಿಸಿಫಸ್. ಮೃತ್ಯುವನ್ನೇ ಸಂಕೋಲೆಯಲ್ಲಿ ಬಂಧಿಸಿದ ಆ ಅರಸನಿಗೆ ಬೆಟ್ಟದ ಮೇಲಕ್ಕೆ ಬಂಡೆಯನ್ನುರುಳಿಸುವ ಶಿಕ್ಷೆಯಾಯಿತು. ಶಿಖರವನ್ನು ಮುಟ್ಟುವಾಗ ಬಂಡೆಯು ಕೆಳಗುರುಳುವುದು. ಏರುವ ಶ್ರಮಕ್ಕಿಂತ, ಬರಿಗೈಯಲ್ಲಿ ಮರಳಿ ಇಳಿಯುವ ಹೊತ್ತನ್ನೇ ಕಮೂ ಆರಿಸಿಕೊಂಡಿರುವನು. ಆಗ ಅವನಿಗೆ ತನ್ನ ಸ್ಥಿತಿಯ ಪೂರ್ಣಜ್ಞಾನವಿರುತ್ತದೆ. ತಿಳಿದು ಇಳಿಯುವವನು ಬಂಡೆಗಿಂತ ದೊಡ್ಡವನೆಂದೂ, ಅವನನ್ನು ಸುಖಿಯೆಂದೇ ಭಾವಿಸಬೇಕೆಂದೂ ಗ್ರಂಥಕರ್ತನ ನಿರ್ಣಯ.

ಈ ನಿರ್ಣಯವನ್ನು ಕೇಳಿದೊಡನೆ ವಿದ್ಯಾವಂತರು ಎರಡು ಬಗೆಯಾಗಿ ನುಡಿಯುವುದುಂಟು. ಇದು ಪಾಶ್ಚಾತ್ಯರ ನಾಸ್ತಿಕತೆಯ ಹೊಸ ವೇಷವೆಂಬುದು ಒಂದು ಪಕ್ಷ. ಇದೆಲ್ಲ ಗೀತೆಯ ನಿಷ್ಕಾಮಕರ್ಮವೇ, ಹೊಸತೇನೂ ಇಲ್ಲವೆಂಬುದು ಇನ್ನೊಂದು. ಮೊದಲನೆಯದು ಗ್ರಂಥವನ್ನು ಓದದೆ ತಳ್ಳುತ್ತದೆ. ಎರಡನೆಯದು ಓದದೆ ಅಪ್ಪಿಕೊಳ್ಳುತ್ತದೆ. ಎರಡನೆಯದೇ ಹೆಚ್ಚು ಅಪಾಯಕರ. ಏತಕ್ಕೆಂದರೆ ಅದು ವಿನಯದಂತೆ ಕಾಣುವ ಆಲಸ್ಯ. ನಿಷ್ಕಾಮಕರ್ಮದಲ್ಲಿ ಫಲವುಂಟು, ಕರ್ತೃವು ಅದರ ಆಸೆಯನ್ನು ಬಿಟ್ಟು ಈಶ್ವರನಲ್ಲಿ ಅರ್ಪಿಸುವನು. ಸಿಸಿಫಸನಿಗೆ ತ್ಯಜಿಸಲು ಫಲವೇ ಇಲ್ಲ, ಅರ್ಪಿಸಲು ದೇವತೆಯೂ ಇಲ್ಲ. ಇರುವ ದೇವತೆಗಳೇ ಅವನನ್ನು ಶಿಕ್ಷಿಸಿದವರು. ಇಲ್ಲದುದನ್ನು ಬಿಡುವುದು ತ್ಯಾಗವಾಗದು. ನಚಿಕೇತನೊಡನೆ ಹೋಲಿಸಿದರೆ ಅಂತರವು ಇನ್ನೂ ಸ್ಪಷ್ಟವಾಗುವುದು. ಆ ಬಾಲಕನೂ ಮೃತ್ಯುವಿನ ಬಾಗಿಲಲ್ಲಿ ನಿಂತು ಪ್ರಶ್ನೆಯೊಂದನ್ನೇ ಹಿಡಿದನು, ಭೋಗಗಳನ್ನೆಲ್ಲ ಒಲ್ಲೆನೆಂದನು. ಆದರೆ ಅವನಿಗೆ ಯಮನು ಉತ್ತರ ಕೊಟ್ಟನು. ಉತ್ತರ ಬಾರದಿದ್ದರೆ ನಚಿಕೇತನು ಏನು ಮಾಡುತ್ತಿದ್ದನು? ಉಪನಿಷತ್ತಿಗೆ ಈ ಪ್ರಶ್ನೆ ಬೇಕಿಲ್ಲ. ಕಮೂವಿಗೆ ಇದೊಂದೇ ಪ್ರಶ್ನೆ.

ಹಾಗೆಂದು ಅವನ ಸಿದ್ಧಾಂತವನ್ನು ಪೂರ್ತಿಯಾಗಿ ಒಪ್ಪುವಂತಿಲ್ಲ. ಅರ್ಥವಿಲ್ಲದ ಲೋಕದಲ್ಲಿ ಬಾಳುವ ಬಗೆಗೆ ಮಾದರಿಯಾಗಿ ಅವನು ಸ್ತ್ರೀಲೋಲನಾದ ಡಾನ್ ಜುವಾನನನ್ನೂ, ನಟನನ್ನೂ, ದಿಗ್ವಿಜಯಿಯನ್ನೂ ತಂದು ನಿಲ್ಲಿಸುವನು. ಅನುಭವದ ಗುಣಕ್ಕಿಂತ ಪರಿಮಾಣಕ್ಕೇ ಇಲ್ಲಿ ಬೆಲೆ. ಈ ಮೂವರಲ್ಲಿ ಒಬ್ಬನಾದರೂ ಇನ್ನೊಬ್ಬನ ಭಾರಕ್ಕೆ ಕೈಕೊಡತಕ್ಕವನಲ್ಲ. ಬೆಟ್ಟದ ಮೇಲೆ ಸಿಸಿಫಸ್ ಒಂಟಿ. ಅವನ ಬಂಡೆ ಯಾರ ಕಾಲ ಮೇಲೆ ಉರುಳಿದರೆ ಏನೆಂಬ ಪ್ರಶ್ನೆಯೇ ಏಳುವುದಿಲ್ಲ. ಈ ಕೊರತೆಯನ್ನು ಕಮೂ ಕೂಡ ಅರಿತನು. ಅಸಂಗತದ ಭಾವನೆಯೊಂದರಿಂದಲೇ ನಡತೆಯ ನಿಯಮವನ್ನು ತೆಗೆಯಹೊರಟರೆ ಕೊಲೆಯನ್ನು ಸಹ ನಿಷೇಧಿಸಲಾಗದೆಂದು 1951ರ ‘ದಂಗೆಕೋರ’ ಗ್ರಂಥದಲ್ಲಿ ಒಪ್ಪಿಕೊಂಡಿರುವನು. ತನ್ನ ಪೂರ್ವಗ್ರಂಥವನ್ನು ತಾನೇ ಪೂರ್ವಪಕ್ಷವಾಗಿ ಮಾಡಿಕೊಳ್ಳುವ ಈ ಪ್ರಾಮಾಣಿಕತೆಯು ಪಂಡಿತರಲ್ಲಿ ವಿರಳ.

ಕಾದಂಬರಿಕಾರನಾದ ಕಮೂ ಇದಕ್ಕೂ ಮೊದಲೇ ಉತ್ತರವನ್ನು ಕಂಡಿದ್ದನು. 1947ರ ‘ಪ್ಲೇಗು’ ಕಾದಂಬರಿಯಲ್ಲಿ ಒರಾನ್ ಪಟ್ಟಣದೊಳಗೆ ಇಲಿಗಳು ಸಾಯತೊಡಗಿ, ಬಾಗಿಲುಗಳು ಮುಚ್ಚಿ, ಬಂಡೆಯು ಎಲ್ಲರ ಪಾಲಿಗೂ ಬರುತ್ತದೆ. ವೈದ್ಯನಾದ ರಿಯೂ ಗೆಲ್ಲುವೆನೆಂದು ನಂಬಿದವನಲ್ಲ; ರೋಗಿಯಿದ್ದಾನೆ, ಆದುದರಿಂದ ಹೋಗುತ್ತಾನೆ. ಅವನಿಗಿಂತಲೂ ಗಮನಾರ್ಹನು ಗ್ರಾಂ ಎಂಬ ನಗರಸಭೆಯ ಬಡ ಗುಮಾಸ್ತ. ತಕ್ಕ ಮಾತು ದೊರೆಯದೆ ಬಡ್ತಿಯ ಅರ್ಜಿಯನ್ನು ಬರೆಯಲಾರದವನು, ಬಿಟ್ಟುಹೋದ ಹೆಂಡತಿಗೆ ಕಾಗದ ಬರೆಯಲಾರದವನು. ಕುದುರೆಯೇರಿದ ಸ್ತ್ರೀಯನ್ನು ವರ್ಣಿಸುವ ಒಂದೇ ವಾಕ್ಯವನ್ನು ರಾತ್ರಿಯೆಲ್ಲ ತಿದ್ದುವನು. ಹಗಲು ರೋಗಿಗಳ ಲೆಕ್ಕವನ್ನು ತಪ್ಪಿಲ್ಲದೆ ಬರೆಯುವನು. ಕಥೆಗೆ ನಾಯಕನೊಬ್ಬ ಬೇಕೇಬೇಕಾದರೆ ಇವನನ್ನೇ ಎಣಿಸಬಹುದೆಂದು ನಿರೂಪಕನು ಹೇಳುವಾಗ, 1942ರ ದಿಗ್ವಿಜಯಿಯು ಸಿಂಹಾಸನದಿಂದಿಳಿದು ಗುಮಾಸ್ತನಿಗೆ ಎಡೆಗೊಡುತ್ತಾನೆ. ಕಡೆಯಲ್ಲಿ ಗ್ರಾಂ ತನ್ನ ವಾಕ್ಯದ ವಿಶೇಷಣಗಳನ್ನೆಲ್ಲ ಹೊಡೆದುಹಾಕಿದೆನೆನ್ನುವನು. ಹೆಂಡತಿಗೂ ಆಗ ಕಾಗದ ಬರೆದಿರುವನು.

ಇಲ್ಲಿಯೂ ಒಂದು ದೊಡ್ಡ ಲೋಪವಿದೆ. ಪತ್ರಿಕೋದ್ಯೋಗಿಯಾದ ರಾಂಬೇರ್ ಒರಾನಿಗೆ ಬಂದುದೇ ಅರಬರ ಜೀವನಸ್ಥಿತಿಯನ್ನು ವಿಚಾರಿಸಲು. ಪ್ಲೇಗು ಬಂದೊಡನೆ ಆ ವಿಚಾರವು ಕಾದಂಬರಿಯಿಂದ ಮಾಯವಾಗುತ್ತದೆ. ಹೆಸರುಳ್ಳ ಅರಬ ರೋಗಿಯೊಬ್ಬನೂ ಮಂಚದ ಮೇಲೆ ಕಾಣುವುದಿಲ್ಲ. ಎಲ್ಲರ ಬಂಡೆಯನ್ನು ಹೇಳಹೊರಟವನು ನೆರೆಯವರ ಬಂಡೆಯನ್ನು ಮರೆತನೆಂಬ ಆಕ್ಷೇಪಕ್ಕೆ ಸಮಾಧಾನ ಹೇಳುವುದು ಕಷ್ಟ.

ಕನ್ನಡದಲ್ಲಿ 1965ರ ‘ಸಂಸ್ಕಾರ’ವನ್ನು ಓದಿದವರಿಗೆ ಈ ಮೌನವು ಅಪರಿಚಿತವಲ್ಲ. ಅನಂತಮೂರ್ತಿಯವರ ಆ ಕಾದಂಬರಿಯಲ್ಲಿಯೂ ಪ್ಲೇಗು ಇದೆ, ಇಲಿಗಳು ಸಾಯುತ್ತವೆ. ಶಾಸ್ತ್ರಗಳಲ್ಲಿ ಪರಿಹಾರ ಕಾಣದ ಪ್ರಾಣೇಶಾಚಾರ್ಯರು ಮಾರುತಿಯ ಮುಂದೆ ಪ್ರಸಾದಕ್ಕಾಗಿ ಕಾದರೂ ದೇವರು ಹೂವನ್ನು ಕೊಡುವುದಿಲ್ಲ. ಉತ್ತರ ಬಾರದ ನಚಿಕೇತನ ಚಿತ್ರವು ಅಗ್ರಹಾರದೊಳಗೇ ಸಿಕ್ಕಿತು. ಆದುದರಿಂದ ಈ ವಿಚಾರವು ಪರಕೀಯವೆಂದು ತಳ್ಳತಕ್ಕದ್ದಲ್ಲ. ಹಳೆಯದೆಂದು ಮುಚ್ಚಿಡತಕ್ಕದ್ದೂ ಅಲ್ಲ. ಕಮೂವನ್ನು ಓದಬಯಸುವವರು 1942ರ ಗ್ರಂಥವೊಂದನ್ನೇ ಓದಿ ನಿಲ್ಲದೆ, 1947ರ ಕಾದಂಬರಿಯನ್ನೂ ಜೊತೆಗಿಟ್ಟು ಓದುವುದು ಲೇಸು. ಮೊದಲನೆಯದು ಬಾಳನ್ನು ಬಿಟ್ಟುಕೊಡಬಾರದೆಂದು ಹೇಳುತ್ತದೆ. ಬಾಳನ್ನು ಉಳಿಸಿಕೊಂಡವನು ಮರುದಿನ ಬೆಳಿಗ್ಗೆ ಯಾರ ಮನೆಯ ಬಾಗಿಲಿಗೆ ಹೋಗಬೇಕೆಂಬುದನ್ನು ಎರಡನೆಯದು ತೋರಿಸುತ್ತದೆ.