ಸ್ಪಾಕ್ ಯಾಕೆ ಅತ್ತ?

ಮೇರಿ ಸ್ಯೂಗೆ ಹದಿನೈದೂವರೆ ವರ್ಷ. ಆಗಲೇ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯ ಎಂಟರ್‌ಪ್ರೈಸ್ ನೌಕೆಯಲ್ಲಿ ಲೆಫ್ಟಿನೆಂಟ್. ಕಂಡ ಕೂಡಲೇ ಕ್ಯಾಪ್ಟನ್ ಕರ್ಕ್‌ಗೆ ಪ್ರೇಮ ಉಕ್ಕುತ್ತದೆ, ಅವಳ ತರ್ಕಕ್ಕೆ ಸ್ಪಾಕ್ ತಲೆದೂಗುತ್ತಾನೆ. ಹಿರಿಯ ಅಧಿಕಾರಿಗಳು ಕಾಯಿಲೆ ಬಿದ್ದಾಗ ತಾನೇ ನೌಕೆ ನಡೆಸಿ ನೊಬೆಲ್ ಶಾಂತಿ ಪ್ರಶಸ್ತಿಯನ್ನೂ ಗಿಟ್ಟಿಸುತ್ತಾಳೆ. ಕೊನೆಗೆ ಸಾಯುತ್ತಾಳೆ. ಸುತ್ತ ನಿಂತವರೆಲ್ಲ ನಾಚಿಕೆ ಬಿಟ್ಟು ಅಳುತ್ತಾರೆ, ಭಾವನೆಯನ್ನು ಅದುಮಿ ತರ್ಕಕ್ಕಷ್ಟೇ ಕಟ್ಟುಬಿದ್ದ ಸ್ಪಾಕ್ ಕೂಡ!

ಪೌಲಾ ಸ್ಮಿತ್ 1973ರಲ್ಲಿ ಅಮೆರಿಕದ ‘ಮೆನಜರಿ’ ಎಂಬ ಅಭಿಮಾನಿ ಪತ್ರಿಕೆಗೆ ಬರೆದ ‘ಎ ಟ್ರೆಕ್ಕೀಸ್ ಟೇಲ್’ ಕಥೆ ಇಷ್ಟೇ. ಅಭಿಮಾನಿಗಳು ತಮ್ಮಿಷ್ಟದ ಪಾತ್ರಗಳನ್ನು ಎರವಲು ತಂದು ಬರೆಯುವ ಫ್ಯಾನ್ ಫಿಕ್ಷನ್‌ಗೆ ಒಳಗಿನವರೇ ಹಿಡಿದ ಕನ್ನಡಿ ಅದು. ಈ ಅಣಕದ ಪರಂಪರೆ ಮುಂದೆ ಬೆಳೆಯಿತು. ಆದರೆ ಸ್ಮಿತ್ ಕುಟುಕಿದ ಜಾಗ ಯಾವುದೆಂಬುದನ್ನು ಬಹುಪಾಲು ಮರೆಯಿತು.

ಸ್ಪಾಕ್ ಅಳದವನೇನಲ್ಲ. 1966ರ ‘ದಿ ನೇಕೆಡ್ ಟೈಮ್’ ಕಂತಿನಲ್ಲಿ ಸೋಂಕು ತಗುಲಿ ಮನಸ್ಸಿನ ಅಂಕೆ ತಪ್ಪಿದಾಗ, ತಾಯಿಗೆ ಪ್ರೀತಿಯ ಒಂದು ಮಾತನ್ನೂ ಆಡಲಾಗಲಿಲ್ಲವೆಂದು ಅವನು ಕಣ್ಣೀರಿಡುತ್ತಾನೆ. ಮರುವರ್ಷದ ‘ಅಮಾಕ್ ಟೈಮ್’ನಲ್ಲಿ, ತನ್ನ ಕೈಯಿಂದಲೇ ಸತ್ತನೆಂದುಕೊಂಡಿದ್ದ ಕರ್ಕ್ ಎದುರಿಗೇ ನಿಂತಾಗ ಮುಖವರಳಿಸಿ ನಗುತ್ತಾನೆ, ಮರುಕ್ಷಣವೇ ಸಾವರಿಸಿಕೊಂಡು ತರ್ಕದ ಮಾತಿಗಿಳಿಯುತ್ತಾನೆ. ಅಲ್ಲಿ ಪ್ರತಿ ಹನಿಗೂ ಕಾರಣವಿತ್ತು, ತಡೆಯಿತ್ತು, ಆಮೇಲಿನ ಸಂಕೋಚವಿತ್ತು. ಮೇರಿ ಸ್ಯೂಗಾಗಿ ಸುರಿದ ಕಣ್ಣೀರಿಗೆ ಇದಾವುದೂ ಇಲ್ಲ. ಅನೌಚಿತ್ಯವೇ ಹಾಸ್ಯದ ವಿಭಾವ, ಅಂದರೆ ಕಾರಣ, ಎಂದ ಕಾವ್ಯಮೀಮಾಂಸಕ ಅಭಿನವಗುಪ್ತ. ಆ ಪಾತ್ರದ ಔಚಿತ್ಯ ಎಲ್ಲಿಯವರೆಗೆ ಎಂದು ಗೊತ್ತಿದ್ದವರಿಗಷ್ಟೇ ಅದನ್ನು ಮೀರುವ ಮೋಜು. ಸ್ಮಿತ್‌ಗೆ ಅದು ಅಂಗೈ ನೆಲ್ಲಿಕಾಯಿಯಾಗಿತ್ತು.

ಇದಕ್ಕೂ ಎಷ್ಟೋ ಮೊದಲು, 1741ರಲ್ಲಿ, ಹೆನ್ರಿ ಫೀಲ್ಡಿಂಗ್ ‘ಶ್ಯಾಮೆಲಾ’ದಲ್ಲಿ ಇನ್ನೊಂದು ದಾರಿ ಹಿಡಿದಿದ್ದ. ರಿಚರ್ಡ್‌ಸನ್ನನ ಕಾದಂಬರಿಯ ನಾಯಕಿ ಪಮೆಲಾಳ ಶೀಲದ ತಳಮಳ ಅವನಿಗೆ ನಟನೆಯಾಗಿ ಕಂಡಿತು. ಆ ತಳಮಳವನ್ನು ಹಾಗೇ ಉಳಿಸಿ, ಅದರಡಿಗೆ ದುಡ್ಡಿನಾಸೆಯನ್ನೂ ಪಾದ್ರಿಯೊಬ್ಬನ ಮೇಲಿನ ಮೋಹವನ್ನೂ ಇಟ್ಟ. ಶ್ಯಾಮೆಲಾಳ ಕಣ್ಣೀರು ಸುಳ್ಳು, ಆಸೆ ಮಾತ್ರ ಅಪ್ಪಟ. ಹಾಗಾಗಿಯೇ ಅವಳನ್ನು ನಂಬಬಹುದು.

‘ಲಾರ್ಡ್ ಆಫ್ ದಿ ರಿಂಗ್ಸ್’ ಚಿತ್ರ ಬಂದ ಮೇಲೆ ಹರಡಿದ ಕಸಾಂಡ್ರಾ ಕ್ಲೇರ್ ಅವರ ‘ವೆರಿ ಸೀಕ್ರೆಟ್ ಡೈರೀಸ್’ ಹಗುರ ಬರಹ. ಆದರೂ ತಾನಿನ್ನೂ ರಾಜನಾಗಲಿಲ್ಲವೆಂಬ ಅರಗಾರ್ನ್‌ನ ಕೊರಗು ಮೂಲದ ಪಾತ್ರದಿಂದಲೇ ಕಿತ್ತದ್ದು. ಹ್ಯಾರಿ ಪಾಟರ್ ಲೋಕದ ‘ಮೈ ಇಮ್ಮಾರ್ಟಲ್’ಗೆ (2006–07) ಅಂಥ ಬೇರೇ ಇಲ್ಲ. ನಾಯಕಿ ಮಾತುಮಾತಿಗೂ ಬಿಕ್ಕುತ್ತಾಳೆ, ಮೈಮೇಲಿನ ಬಟ್ಟೆಯ ವರ್ಣನೆ ದುಃಖಕ್ಕಿಂತ ಉದ್ದ. ಅದು ಅಣಕವೋ ಅಸಲಿಯೋ ಎಂದು ಓದುಗರು ವರ್ಷಗಟ್ಟಲೆ ಜಗಳವಾಡಿದ್ದು ಸುಮ್ಮನೆ ಅಲ್ಲ. ನಗಲು ಸರಕು ಧಾರಾಳವಾಗಿದೆ, ನಾಲ್ಕು ಅಧ್ಯಾಯದ ಹೊತ್ತಿಗೆ ಸುಸ್ತಾಗುತ್ತದೆ. ಒಟ್ಟು ಅಧ್ಯಾಯ 44.

ಸ್ಮಿತ್‌ರ ನಿಜವಾದ ವಾರಸುದಾರ ಸಿಕ್ಕಿದ್ದು ಸಿನಿಮಾದಲ್ಲಿ. 1999ರ ‘ಗ್ಯಾಲಕ್ಸಿ ಕ್ವೆಸ್ಟ್’ ‘ಸ್ಟಾರ್ ಟ್ರೆಕ್’ ಮತ್ತು ಅದರ ಭಕ್ತರ ಅಣಕ. ಅದರಲ್ಲಿ ಅಲನ್ ರಿಕ್‌ಮನ್‌ನದು ತಾನು ನಟಿಸಿದ್ದ ಹಳೆಯ ಧಾರಾವಾಹಿಯ ಒಂದು ಶಪಥದ ಸಾಲನ್ನು ಕಂಡಕಂಡಲ್ಲಿ ಹೇಳಬೇಕಾಗಿ ಬಂದ ರಂಗನಟನ ಪಾತ್ರ. ಅಂಗಡಿಯ ಪ್ರಚಾರಕ್ಕೂ ಅದೇ ಸಾಲು. ಹೇಳುವಾಗ ಅವನ ಮುಖದಲ್ಲಿ ಜಿಗುಪ್ಸೆ. ಆಮೇಲೊಮ್ಮೆ, ಅವನನ್ನು ತಂದೆಯೆಂದೇ ಭಾವಿಸಿದ್ದ ಅನ್ಯಗ್ರಹದ ಹುಡುಗ ಗುಂಡೇಟು ತಿಂದು ಅವನೆದುರೇ ಪ್ರಾಣ ಬಿಡುತ್ತಾನೆ. ಆಗ ರಿಕ್‌ಮನ್ ಅದೇ ಸಾಲನ್ನು ಮೊದಲ ಸಲ ಮನಸಾರೆ ಹೇಳುತ್ತಾನೆ.