ಹೆಣ ಕಡಿಯುವವರ ಕೈಯ ಕುಡುಗೋಲು

ದೆವ್ವ-ಪಿಶಾಚಿಯ ಕಾದಂಬರಿಗಳನ್ನು ನಾವು ಓದುವವರಲ್ಲ. ಹೊಟ್ಟೆ ತುಂಬಿದವರು ರಾತ್ರಿ ಹೊತ್ತು ಮೈ ಜುಮ್ಮೆನ್ನಿಸಿಕೊಳ್ಳೋಕೆ ಬರೆಸಿಕೊಂಡ ಸರಕು ಅಂತ ಪಕ್ಕಕ್ಕಿಡುತ್ತ ಬಂದಿದ್ದೇವೆ. ಅಮೆರಿಕದ ಕರಿಯ ಲೇಖಕಿ ಜಸ್ಟಿನಾ ಐರ್ಲೆಂಡ್ 2018ರಲ್ಲಿ ಪ್ರಕಟಿಸಿದ 'ಡ್ರೆಡ್ ನೇಶನ್' ಓದಿದ ಮೇಲೆ ಆ ಮಾತನ್ನು ವಾಪಸ್ಸು ತಗೋಬೇಕಾಗಿದೆ.

1863ರ ಜುಲೈ. ಗುಲಾಮಗಿರಿಯ ಪ್ರಶ್ನೆಯ ಮೇಲೆ ಹೊತ್ತಿದ ಅಂತರ್ಯುದ್ಧದಲ್ಲಿ ಗೆಟಿಸ್‌ಬರ್ಗ್ ಕಾಳಗ. ಇಲ್ಲಿಯವರೆಗೆ ಚರಿತ್ರೆ. ಕಾದಂಬರಿಯಲ್ಲಿ ಆ ರಣರಂಗದ ಹೆಣಗಳು ಎದ್ದು ನಡೆಯುತ್ತವೆ, ಬದುಕಿದ್ದವರನ್ನು ಕಚ್ಚಿ ತಿನ್ನುತ್ತವೆ. ಯುದ್ಧ ನಿಂತುಹೋಗುತ್ತದೆ. ಈಗ ಹೆಣಗಳ ಜೊತೆ ಹೊಡೆದಾಡೋರು ಯಾರು? ಸರ್ಕಾರ ಕಾಯಿದೆ ಮಾಡುತ್ತದೆ: ಕರಿಯರ ಮಕ್ಕಳು, ಮೂಲನಿವಾಸಿಗಳ ಮಕ್ಕಳು ಶಾಲೆಗೆ ಸೇರಿ ಹೆಣ ಕಡಿಯುವುದನ್ನು ಕಲಿಯಬೇಕು. ಈ ಕಥೆ ಹೇಳುವವಳು ಬಾಲ್ಟಿಮೋರಿನ ಅಂಥ ಶಾಲೆಯ ಹರೆಯದ ಹುಡುಗಿ ಜೇನ್ ಮೆಕ್‌ಕೀನ್. ಓದು ಮುಗಿಸಿದರೆ ಅವಳಿಗೆ ಸಿಗುವ 'ಭಾಗ್ಯ' ಒಬ್ಬ ಬಿಳಿ ದೊರೆಸಾನಿಯ ಮೈಗಾವಲು. ಅವಳಿಗೆ ಇಷ್ಟದ ಆಯುಧ ಕುಡುಗೋಲು.

ಇದೇನು ಬರೀ ಕಲ್ಪನೆ ಅನ್ನಬೇಡಿ ಗೆಳೆಯರೆ. ಎದ್ದು ನಡೆಯುವ ಹೆಣದ ಕಲ್ಪನೆ ಬಂದದ್ದೇ ಹೈಟಿಯ ಗುಲಾಮರಿಂದ. ಕಬ್ಬಿನ ತೋಟದಲ್ಲಿ ದುಡಿದು ಸಾಯುವವನಿಗೆ ಸಾವೊಂದೇ ಬಿಡುಗಡೆ. ಸತ್ತ ಮೇಲೂ ಎಬ್ಬಿಸಿ ದುಡಿಸಿದರೆ? ಆ ಭಯವೇ 'ಜೋಂಬಿ'. ಅದನ್ನು ಸಿನಿಮಾದವರು ಕದ್ದು ಬಿಳಿಯರ ಮನರಂಜನೆ ಮಾಡಿದರು. ಐರ್ಲೆಂಡ್ ಅದನ್ನು ವಾರಸುದಾರರಿಗೆ ಮರಳಿಸಿದ್ದಾರೆ.

ಆ ಶಾಲೆಯೂ ಸುಳ್ಳಲ್ಲ. 1879ರಲ್ಲಿ ಪೆನ್ಸಿಲ್ವೇನಿಯಾದ ಕಾರ್ಲೈಲಿನಲ್ಲಿ ತೆರೆದ ಸರ್ಕಾರಿ ವಸತಿಶಾಲೆ 1918ರವರೆಗೂ ನಡೆಯಿತು. ಮೂಲನಿವಾಸಿ ಮಕ್ಕಳ ಜಡೆ ಕತ್ತರಿಸಿದರು, ಹೆಸರು ಬದಲಿಸಿದರು, ತಾಯಿಮಾತು ಆಡಿದರೆ ಶಿಕ್ಷಿಸಿದರು. ಎಷ್ಟೋ ಮಕ್ಕಳು ಅಲ್ಲೇ ಮಣ್ಣಾದರು. ಶಾಲೆ ಅಂದರೆ ಬೆಳಕು ಎಂದೇ ನಂಬಿರುವ ಮೇಷ್ಟ್ರುಗಳು ಇದನ್ನು ಓದಬೇಕು. ಅಕ್ಷರ ಯಾರ ಕೈಯಲ್ಲಿದೆ, ಯಾತಕ್ಕೆ ಕೊಡುತ್ತಿದ್ದಾರೆ ಅನ್ನೋದು ಮುಖ್ಯ.

ಸತ್ತದ್ದನ್ನು ಎತ್ತುವ ಕೆಲಸ ಯಾರದು? ಈ ಪ್ರಶ್ನೆ ನಮಗೆ ಹೊಸದಲ್ಲ. ಊರಿನ ಸತ್ತ ದನ ಎಳೆದವರು, ಗುಂಡಿ ತೋಡಿದವರು, ಹೆಣದ ಮುಂದೆ ತಮಟೆ ಬಡಿದವರು ಕೇರಿಯವರು. ಮನುಷ್ಯರಿಂದ ಮಲ ಹೊರಿಸಬಾರದು ಅಂತ 1993ರಲ್ಲಿ, ಮಲಗುಂಡಿಗೆ ಇಳಿಸಬಾರದು ಅಂತ 2013ರಲ್ಲಿ ಕಾಯಿದೆ ಬಂದರೂ ಇಳಿದು ಸಾಯುತ್ತಿರುವವರು ನಮ್ಮವರೇ. ಊರು ಮೈಲಿಗೆಯಾಗದಿರಲಿ ಅಂತ ಒಂದು ಜನವನ್ನು ಸಾವಿನ ಬಾಗಿಲಲ್ಲಿ ನಿಲ್ಲಿಸುವುದು, ಆಮೇಲೆ ಅವರನ್ನೇ ಮುಟ್ಟಬಾರದು ಅನ್ನುವುದು! ಜೇನ್ ಕಥೆ ನಮಗೆ ಹತ್ತಿರವಾಗುವುದು ಇಲ್ಲಿ.

ಕಾದಂಬರಿಯ ಗಟ್ಟಿ ಭಾಗ ಕಾನ್ಸಾಸಿನ ಸಮ್ಮರ್‌ಲ್ಯಾಂಡ್ ಎಂಬ ಊರು. ಸುತ್ತ ಗೋಡೆ. ಒಳಗೆ ಬಿಳಿಯರ ನೆಮ್ಮದಿ, ಗೋಡೆಯ ಕಾವಲಿಗೆ ಅರೆಹೊಟ್ಟೆಯ ಕರಿಯರು. ಇದು ದೇವರು ಮಾಡಿದ ವ್ಯವಸ್ಥೆ ಅಂತ ಪಾದ್ರಿ ಬೋಧಿಸುತ್ತಾನೆ. ಮನುವಿನ ಮಾತು ಇಂಗ್ಲಿಷಿನಲ್ಲಿ ಕೇಳಿದ ಹಾಗಾಯಿತು ನಮಗೆ. ಇನ್ನೊಂದು ಕಡೆ, ಲಸಿಕೆ ಕಂಡುಹಿಡಿದೆ ಅನ್ನುವ ಪಂಡಿತ ತುಂಬಿದ ಸಭೆಯಲ್ಲಿ ಪರೀಕ್ಷೆಗೆ ನಿಲ್ಲಿಸುವುದು ಒಬ್ಬ ಕರಿಯನನ್ನು. ಧರ್ಮಕ್ಕೂ ವಿಜ್ಞಾನಕ್ಕೂ ಇಲ್ಲಿ ಒಂದೇ ಯಜಮಾನ.

ತಕರಾರೂ ಇದೆ ನಮಗೆ. ಜೇನ್ ಚುರುಕು, ಬಾಯಿ ಜೋರು, ಸುಳ್ಳು ಹೇಳಿ ಬದುಕುವ ಜಾಣೆ. ಆದರೆ ಗೋಡೆ ಕಾಯುವ ನೂರಾರು ಕೈಗಳು ಒಂದಾಗುವುದನ್ನು ಕಾದಂಬರಿ ಬೆಳೆಸುವುದಿಲ್ಲ. ಊರು ಬೀಳುವುದು ಹೆಣಗಳ ದಂಡಿನಿಂದ, ಜನರ ಸಂಘಟನೆಯಿಂದಲ್ಲ. ಮೂಲನಿವಾಸಿಗಳ ಕಥೆಯಂತೂ ತೆಳು: ಅವರ ಶಾಲೆಗಳ ನೋವನ್ನು ಎರವಲು ತಂದು, ಅವರನ್ನು ಅಂಚಿನಲ್ಲೇ ಕೂರಿಸಿದ್ದಾರೆ. ಮೂಲನಿವಾಸಿ ವಿಮರ್ಶಕರೇ ಈ ಆಕ್ಷೇಪ ಎತ್ತಿದ್ದಾರೆ. ಒಬ್ಬ ನೊಂದವನ ಕಥೆ ಹೇಳಲು ಇನ್ನೊಬ್ಬ ನೊಂದವನ ಬೆನ್ನು ಮಣೆಯಾಗಬಾರದು. ಈ ಎಚ್ಚರ ನಮ್ಮ ಬರಹಗಾರರಿಗೂ ಬೇಕು. ನಮ್ಮ ಕಥೆಗಳಲ್ಲಿ ಅಲೆಮಾರಿಗಳು ಎಲ್ಲಿ ಕೂತಿದ್ದಾರೆ, ನೋಡಿಕೊಳ್ಳೋಣ.

ಆದರೂ ಓದಿ. 1972ರಲ್ಲಿ ಮುಂಬಯಿಯ ದಲಿತ ಯುವಕರು ಕರಿಯರಿಂದ ಪ್ಯಾಂಥರ್ ಎಂಬ ಹೆಸರು ಪಡೆದರು. ಈ ಹುಡುಗಿಯಿಂದ ನಾವು ಒಂದು ಪ್ರಶ್ನೆ ಪಡೆಯೋಣ: ಗೋಡೆ ಕಾಯುವವರ ಕೈಗೆ ಕುಡುಗೋಲು ಕೊಟ್ಟವರು, ಆ ಕುಡುಗೋಲು ಒಳಮುಖ ತಿರುಗದೆಂದು ಯಾವ ಧೈರ್ಯದ ಮೇಲೆ ನಿದ್ದೆ ಮಾಡುತ್ತಾರೆ?